ಮೀಟರ್‌ಗೆ ಸೀಲ್ ಇದೆ, ಆ್ಯಪ್‌ಗೆ ಯಾಕಿಲ್ಲ?

ಗೆ,
ಮಾನ್ಯ ಸಾರಿಗೆ ಸಚಿವರು,
ಕರ್ನಾಟಕ ಸರ್ಕಾರ,
ವಿಧಾನಸೌಧ, ಬೆಂಗಳೂರು

ವಿಷಯ: ಆ್ಯಪ್ ಆಟೋ ಮತ್ತು ಕ್ಯಾಬ್‌ಗಳ ಸರ್ಕಾರಿ ದರ ಪ್ರಯಾಣಿಕರ ಕಣ್ಣಿಗೆ ಕಾಣುವಂತೆ ಮಾಡಬೇಕೆಂಬ ಕೋರಿಕೆ

ಮಾನ್ಯರೇ,

ನಾನು ಉತ್ತರಹಳ್ಳಿ ಕಡೆಯವಳು. ವಾರಕ್ಕೆ ಎರಡು ಸಲ, ಸೋಮವಾರ ಮತ್ತು ಗುರುವಾರ, ಅಮ್ಮನನ್ನು ಜಯನಗರಕ್ಕೆ ಫಿಸಿಯೋಥೆರಪಿಗೆ ಕರೆದುಕೊಂಡು ಹೋಗುತ್ತೇನೆ. ಅಮ್ಮನಿಗೆ 78 ವರ್ಷ. ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದಿತ್ತು. ಶಕ್ತಿ ಯೋಜನೆ ಬಂದಮೇಲೆ ನಮ್ಮಿಬ್ಬರಿಗೂ ಬಸ್ಸು ಪುಕ್ಕಟೆ. ಅದಕ್ಕೆ ನಿಮಗೆ ಥ್ಯಾಂಕ್ಸ್ ಹೇಳಲೇಬೇಕು. ಆದರೆ ಬಸ್ಸಿನ ಮೊದಲ ಮೆಟ್ಟಿಲಿಗೇ ಅಮ್ಮನ ಕಾಲು ಏಳುವುದಿಲ್ಲ. ಹಾಗಾಗಿ ಆಟೋ.

ಹೋದ ಗುರುವಾರದ ಕಥೆ ಹೇಳುತ್ತೇನೆ. ಬೆಳಿಗ್ಗೆ 9.40. ಅಮ್ಮ ಗೇಟಿನ ಪಕ್ಕ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದರು. ಮಡಿಲಲ್ಲಿ ಎಕ್ಸ್‌ರೇ ಕವರ್. ನಾನು ಫೋನ್ ಹಿಡಿದು ನಿಂತಿದ್ದೆ. ಆ್ಯಪ್ 189 ರೂಪಾಯಿ ತೋರಿಸಿತು. ಬುಕ್ ಮಾಡಿದೆ. ಒಂದು ನಿಮಿಷ ಚಕ್ರ ತಿರುಗಿತು. ಆಮೇಲೆ ಪರದೆಯ ಕೆಳಗಿಂದ ಒಂದು ಪಟ್ಟಿ ಮೇಲೆದ್ದಿತು. ಟಿಪ್ ಸೇರಿಸಿದರೆ ಆಟೋ ಬೇಗ ಸಿಗಬಹುದು ಅಂತ. 10, 20, 30, 50. ಹತ್ತು ಒತ್ತಿದೆ. ಚಕ್ರ. ಇಪ್ಪತ್ತು ಒತ್ತಿದೆ. ಮತ್ತೆ ಚಕ್ರ. ಮೂವತ್ತಕ್ಕೆ ಒಬ್ಬರು ಒಪ್ಪಿದರು. ಮಂಡಿಯ ಹರಾಜಿನಲ್ಲಾದರೂ ಎದುರಿಗೆ ಇನ್ನೊಬ್ಬ ಕೂಗುತ್ತಾನೆ. ಇಲ್ಲಿ ನನ್ನ ಮೇಲೆ ನಾನೇ ಕೂಗಬೇಕು!

ಆಟೋ ಬಂತು. ಚಾಲಕರು ಮೊದಲು ಕೇಳಿದ್ದು, "ಎಷ್ಟು ತೋರಿಸ್ತಿದೆ ಮೇಡಂ?" ನಾನು "219" ಅಂದೆ. ಅವರು ತಲೆ ಆಡಿಸಿದರು. ಅಷ್ಟೆ. ಮೀಟರ್ ಮೇಲೆ ಒಂದು ಕೆಂಪು ಬಟ್ಟೆ ಹೊದಿಸಿತ್ತು.

ಈಗ ನಿಮ್ಮ ಸರ್ಕಾರದ ಲೆಕ್ಕ ನೋಡೋಣ. ಬೆಂಗಳೂರಿನಲ್ಲಿ 2025ರ ಆಗಸ್ಟ್ 1ರಿಂದ ಆಟೋ ದರ ಮೊದಲ 2 ಕಿ.ಮೀ.ಗೆ 36 ರೂಪಾಯಿ, ಆಮೇಲೆ ಕಿ.ಮೀ.ಗೆ 18. ನಮ್ಮ ಮನೆಯಿಂದ ಅಲ್ಲಿಗೆ 8 ಕಿ.ಮೀ. ಅಂದರೆ 36ಕ್ಕೆ ಆರು ಹದಿನೆಂಟ್ಲೆ 108 ಸೇರಿಸಿ, 144. ಆ್ಯಪ್‌ನವರು ಸೇವಾ ಶುಲ್ಕ ಅಂತ ಶೇ. 5 ತೆಗೆದುಕೊಳ್ಳಬಹುದು, ಅದರ ಮೇಲೆ ಜಿಎಸ್‌ಟಿ. ಎಲ್ಲ ಸೇರಿ 160 ದಾಟಬಾರದು. ದಾರಿಯಲ್ಲಿ ಕಾದದ್ದಕ್ಕೆ ಮೊದಲ 5 ನಿಮಿಷ ಬಿಟ್ಟು ಪ್ರತಿ 15 ನಿಮಿಷಕ್ಕೆ 10 ರೂಪಾಯಿ ಅಂತ ನಿಮ್ಮ ಆದೇಶದಲ್ಲೇ ಇದೆ. ಅದನ್ನೂ ಸೇರಿಸಿ ಧಾರಾಳವಾಗಿ 170 ಅನ್ನೋಣ. ನಾನು ಕೊಟ್ಟದ್ದು 219.

ಒಂದು ದಿನದ ಮಾತಾಗಿದ್ದರೆ ಈ ಪತ್ರ ಬರೆಯುತ್ತಿರಲಿಲ್ಲ. ಹಾಲಿನ ಲೆಕ್ಕ ಬರೆಯುವ ನೋಟ್‌ಬುಕ್‌ನ ಹಿಂದಿನ ಪುಟಗಳಲ್ಲಿ ಎರಡು ತಿಂಗಳಿಂದ ಈ ಲೆಕ್ಕವನ್ನೂ ಬರೆಯುತ್ತಿದ್ದೇನೆ. ಅದೇ ಮನೆ, ಅದೇ ದಾರಿ, ಅದೇ ಹೊತ್ತು. ಒಂದು ದಿನ 163, ಒಂದು ದಿನ 204, ಮಳೆ ಬಂದ ದಿನ 261. ಒಮ್ಮೆ ನನ್ನ ಫೋನಿನಲ್ಲಿ 181, ಪಕ್ಕದಲ್ಲೇ ನಿಂತಿದ್ದ ತಮ್ಮನ ಫೋನಿನಲ್ಲಿ 168. ಯಾಕೆ ಅಂತ ಕೇಳೋಣ ಅಂದರೆ ಕೇಳೋದು ಯಾರನ್ನ? ಚಾಲಕರನ್ನು ಕೇಳಿದರೆ ಆ್ಯಪ್ ಕಡೆ ಕೈ ತೋರಿಸುತ್ತಾರೆ. ಆ್ಯಪ್‌ನ ಸಹಾಯದ ಪುಟಕ್ಕೆ ಬರೆದರೆ, ನಿಮ್ಮ ಅಭಿಪ್ರಾಯ ನಮಗೆ ಮುಖ್ಯ ಅಂತ ಒಂದು ಉತ್ತರ ಬರುತ್ತದೆ. ಅಲ್ಲಿಗೆ ಮುಗೀತು.

ಮಾನ್ಯರೇ, ಜಾಸ್ತಿ ದುಡ್ಡು ಹೋಯಿತು ಅನ್ನೋದು ನನ್ನ ಮುಖ್ಯ ದೂರಲ್ಲ. 2025ರ ಜನವರಿಯಲ್ಲಿ ನೀವು ಬಸ್ ದರವನ್ನು ಶೇ. 15 ಏರಿಸಿದಿರಿ. ಜನ ಬೈದರು. ಆದರೆ ಎಷ್ಟು ಏರಿತು, ಯಾವತ್ತಿಂದ ಏರಿತು ಅಂತ ಎಲ್ಲರಿಗೂ ಗೊತ್ತಿತ್ತು. ಬೈಯೋಕಾದರೂ ಒಂದು ಸಂಖ್ಯೆ ಬೇಕಲ್ವಾ? ಆ್ಯಪ್‌ನಲ್ಲಿ ನನಗೆ ಆ ಸಂಖ್ಯೆಯೇ ಸಿಗುತ್ತಿಲ್ಲ. ಸರ್ಕಾರದ ದರ ಎಷ್ಟು, ಇವರು ಅದರ ಮೇಲೆ ಎಷ್ಟು ಹಾಕಿದ್ದಾರೆ ಅಂತ ಪರದೆಯ ಯಾವ ಮೂಲೆಯಲ್ಲೂ ಇಲ್ಲ.

ಕಳೆದ ತಿಂಗಳು ವಾಪಸ್ ಬರುವಾಗ ಸಿಕ್ಕ ಚಾಲಕರೊಬ್ಬರು ಒಂದು ಮಾತು ಹೇಳಿದರು. ಅರವತ್ತರ ಹತ್ತಿರದವರು, ಮೂವತ್ತು ವರ್ಷದಿಂದ ಆಟೋ ಓಡಿಸುತ್ತಿದ್ದಾರಂತೆ. ಅವರ ಮೀಟರ್‌ಗೆ ಬಟ್ಟೆ ಇರಲಿಲ್ಲ. ಪಕ್ಕದಲ್ಲಿ ಸಣ್ಣ ತಂತಿ, ತಂತಿಗೆ ಸೀಸದ ಸೀಲು. "ದರ ಏರಿದಾಗ ಅಕ್ಟೋಬರ್ ಒಳಗೆ ಮೀಟರ್ ಸರಿ ಮಾಡಿಸಿ ಸೀಲ್ ಹಾಕಿಸಿ ಅಂದ್ರು ಅಕ್ಕಾ. ಒಂದು ದಿನದ ದುಡಿಮೆ ಬಿಟ್ಟು ಕ್ಯೂ ನಿಂತು ಹಾಕಿಸ್ಕೊಂಡು ಬಂದೆ. ಈಗ ಅದನ್ನ ನೋಡೋರೇ ಇಲ್ಲ. ಎಲ್ಲಾ ಫೋನ್ ನೋಡ್ತಾರೆ." ಹೀಗಂದು ಸೀಲನ್ನು ಬೆರಳಿಂದ ಮುಟ್ಟಿ ತೋರಿಸಿದರು.

ಆ ಸೀಲು ಇನ್ನೂ ನನ್ನ ತಲೆಯಲ್ಲಿ ಕೂತಿದೆ. ನಮ್ಮ ಬೀದಿಯ ಅಂಗಡಿಯ ತಕ್ಕಡಿಗೆ ತೂಕ-ಅಳತೆ ಇಲಾಖೆಯ ಮುದ್ರೆ ಇದೆ. ಪೆಟ್ರೋಲ್ ಬಂಕಿನ ಪಂಪಿಗೆ ಇದೆ. ಆಟೋ ಮೀಟರ್‌ಗೆ ಇದೆ. ಮೀಟರ್ ನೂರು ಮೀಟರ್ ಜಾಸ್ತಿ ಓಡಿದರೂ ಚಾಲಕರ ಮೇಲೆ ಕೇಸು. ಆದರೆ ಇವತ್ತು ಈ ಊರಿನಲ್ಲಿ ಲಕ್ಷಾಂತರ ಜನರ ಪ್ರಯಾಣದ ಬೆಲೆ ನಿರ್ಧಾರವಾಗುತ್ತಿರೋದು ಫೋನಿನೊಳಗಿನ ಇನ್ನೊಂದು ಮೀಟರ್‌ನಲ್ಲಿ. ಅದನ್ನು ಬಿಚ್ಚಿ ನೋಡಿದವರು ಯಾರು? ಅದಕ್ಕೆ ಸೀಲ್ ಹಾಕಿದವರು ಯಾರು? ಬಡ ಚಾಲಕನ ಮೀಟರ್‌ಗೆ ಸೀಸದ ಬೀಗ, ಕಂಪನಿಯ ಮೀಟರ್‌ಗೆ ಬಾಗಿಲೇ ಇಲ್ಲ ಅಂದರೆ ಇದ್ಯಾವ ನ್ಯಾಯ?

ಆ್ಯಪ್‌ಗಳ ಮೇಲೆ ನನಗೆ ಹಗೆ ಇಲ್ಲ. ಆ್ಯಪ್ ಬರುವ ಮುಂಚಿನ ಕಾಲ ಮರೆತಿಲ್ಲ ನಾನು. ಬನಶಂಕರಿ ಬಸ್ ಸ್ಟ್ಯಾಂಡ್ ಎದುರು ರಾತ್ರಿ ಎಂಟೂವರೆಗೆ ನಿಂತು ಏಳೆಂಟು ಆಟೋ ಕೇಳಬೇಕಿತ್ತು. ಒಬ್ಬರು "ಆ ಕಡೆ ಬರಲ್ಲ" ಅನ್ನೋರು, ಇನ್ನೊಬ್ಬರು "ಒನ್ ಅಂಡ್ ಹಾಫ್" ಅನ್ನೋರು, ಮತ್ತೊಬ್ಬರು ಉತ್ತರವನ್ನೇ ಕೊಡದೆ ಗೇರ್ ಹಾಕಿ ಹೊರಟುಬಿಡೋರು. ಈಗ ಮನೆ ಗೇಟಿಗೇ ಆಟೋ ಬರುತ್ತದೆ. ಮಗಳು ರಾತ್ರಿ ಆಫೀಸಿನಿಂದ ಹೊರಟರೆ ಗಾಡಿ ಎಲ್ಲಿದೆ ಅಂತ ನನ್ನ ಫೋನಿನಲ್ಲಿ ಕಾಣುತ್ತದೆ. ಇದೆಲ್ಲ ನಿಜವಾದ ಅನುಕೂಲ. ಇದಕ್ಕೆ ನಾಲ್ಕು ಕಾಸು ಜಾಸ್ತಿ ಕೊಡೋದಕ್ಕೂ ನಾನು ತಯಾರು. ಆ ನಾಲ್ಕು ಕಾಸು ಎಷ್ಟು ಅಂತ ಹೇಳಿ ತೆಗೆದುಕೊಳ್ಳಲಿ ಅನ್ನೋದಷ್ಟೇ ನನ್ನ ಹಟ.

ಇದನ್ನು ಹಂಚಿಕೆಯ ಆರ್ಥಿಕತೆ ಅಂತ ಕರೆಯುತ್ತಾರಂತೆ. ಶೇರ್ ಆಟೋದಲ್ಲಿ ಮಂಡಿಗೆ ಮಂಡಿ ತಾಗಿಸಿಕೊಂಡು ಓಡಾಡಿದ ನಮಗೆ ಹಂಚಿಕೊಳ್ಳೋದು ಅಂದರೇನು ಅಂತ ಗೊತ್ತಿದೆ. ಆ್ಯಪ್‌ಗಳಲ್ಲಿ ನಿಜಕ್ಕೂ ಹಂಚಿಕೊಂಡು ಹೋಗುವ ಸೇವೆ ಒಂದಿತ್ತು, ಒಂದೇ ಕ್ಯಾಬಿನಲ್ಲಿ ಇಬ್ಬರು ಮೂವರು ಅಪರಿಚಿತರು ಅರ್ಧರ್ಧ ದರ ಕೊಟ್ಟು ಹೋಗೋದು. 2017ರಲ್ಲಿ ನಿಮ್ಮ ಇಲಾಖೆ ಅದನ್ನೇ ಪರ್ಮಿಟ್ ನಿಯಮಕ್ಕೆ ವಿರುದ್ಧ, ನಿಲ್ಲಿಸಿ ಅಂದಿತು! ಹಂಚಿಕೆ ಹೋಯಿತು, ಹೆಸರು ಉಳಿಯಿತು.

ಇಲಾಖೆ ಸುಮ್ನೆ ಕೂತಿದೆ ಅಂತ ನಾನು ಹೇಳಲಾರೆ. 2016ರಲ್ಲೇ ನಮ್ಮ ರಾಜ್ಯ ಆ್ಯಪ್ ಕಂಪನಿಗಳಿಗೆ ಲೈಸೆನ್ಸ್ ನಿಯಮ ತಂದಿತು. ಸರ್ಕಾರ ಗೊತ್ತು ಮಾಡಿದ ದರ ದಾಟಬಾರದು ಅಂತ ಅದರಲ್ಲಿತ್ತು. 2022ರ ಅಕ್ಟೋಬರ್‌ನಲ್ಲಿ ಆ್ಯಪ್ ಆಟೋಗಳು ಕನಿಷ್ಠ 100 ರೂಪಾಯಿ ಕೀಳುತ್ತಿದ್ದಾಗ (ಆಗ ಸರ್ಕಾರಿ ಕನಿಷ್ಠ ದರ 30 ಇತ್ತು) ಸೇವೆ ನಿಲ್ಲಿಸಿ ಅಂತ ಮೂರು ಕಂಪನಿಗಳಿಗೆ ಆದೇಶ ಹೋಯಿತು. ಅವರು ಹೈಕೋರ್ಟಿಗೆ ಹೋದರು. ನವೆಂಬರ್‌ನಲ್ಲಿ ಸರ್ಕಾರ ಶೇ. 5 ಸೇವಾ ಶುಲ್ಕ ಗೊತ್ತು ಮಾಡಿತು. 2024ರ ಮೇನಲ್ಲಿ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಅಂದರೆ ಕಾನೂನು ನಿಮ್ಮ ಕಡೆ ಇದೆ. ಕೋರ್ಟು ನಿಮ್ಮ ಕಡೆ ಇದೆ. ಆದರೂ ನನ್ನ ಫೋನಿನಲ್ಲಿ 219.

ಇನ್ನು ಬೈಕ್ ಟ್ಯಾಕ್ಸಿ. 2021ರಲ್ಲಿ ಆಗಿನ ಸರ್ಕಾರ ಎಲೆಕ್ಟ್ರಿಕ್ ಬೈಕ್ ಟ್ಯಾಕ್ಸಿ ಯೋಜನೆ ತಂದಿತು, 2024ರ ಮಾರ್ಚ್‌ನಲ್ಲಿ ಸರ್ಕಾರವೇ ಅದನ್ನು ವಾಪಸ್ ಪಡೆಯಿತು. 2025ರ ಏಪ್ರಿಲ್‌ನಲ್ಲಿ ಹೈಕೋರ್ಟಿನ ಏಕಸದಸ್ಯ ಪೀಠ, ಸರ್ಕಾರ ನಿಯಮ ಮಾಡುವ ತನಕ ಓಡಿಸಬೇಡಿ ಅಂದಿತು. ಜೂನ್ 16ರಿಂದ ಬೈಕುಗಳು ನಿಂತವು. ಆಮೇಲಿನ ಕೆಲವು ದಿನ ನಮ್ಮ ಬೀದಿಯ ಹುಡುಗರು ಆ್ಯಪ್‌ನಲ್ಲಿ 'ಪಾರ್ಸೆಲ್' ಅಂತ ಬುಕ್ ಮಾಡಿ ತಾವೇ ಪಾರ್ಸೆಲ್ ಆಗಿ ಮೆಟ್ರೋ ಸ್ಟೇಷನ್ ಸೇರುತ್ತಿದ್ದರು. ನಗು ಬಂದರೂ ನಗೋ ವಿಷಯವಲ್ಲ ಇದು. ಅಪಘಾತವಾಗಿದ್ದರೆ ವಿಮೆಯವರು ಪಾರ್ಸೆಲ್‌ಗೆ ಏನು ಕೊಡುತ್ತಿದ್ದರು? 2026ರ ಜನವರಿಯಲ್ಲಿ ವಿಭಾಗೀಯ ಪೀಠ ಆ ಹಳೆಯ ಆದೇಶವನ್ನು ರದ್ದು ಮಾಡಿತು. ನಡುವಿನ ತಿಂಗಳುಗಳಲ್ಲಿ ಸರ್ಕಾರವೇ ದರ, ವಿಮೆ, ಹೆಲ್ಮೆಟ್ ಅಂತ ನಾಲ್ಕು ಸಾಲಿನ ನಿಯಮ ಬರೆದಿದ್ದರೆ ಇಷ್ಟೆಲ್ಲ ಬೇಕಿತ್ತಾ? ಒಂದೋ ಪೂರ್ತಿ ಬಂದ್, ಇಲ್ಲವೋ ಪೂರ್ತಿ ಬಿಟ್ಟಂತೆ. ನಡುವೆ ನಿಂತು ದಿನಾ ನೋಡಿಕೊಳ್ಳುವ ಕೆಲಸವೇ ಆಗುತ್ತಿಲ್ಲ.

ಈಗ ಇನ್ನೊಂದು ಹೊಸ ದಾರಿ ಹುಟ್ಟಿದೆ, ಅದನ್ನು ನೀವು ಗಮನಿಸಲೇಬೇಕು. ಚಾಲಕರಿಂದ ಕಮಿಷನ್ ತೆಗೆದುಕೊಳ್ಳುವುದನ್ನು ಬಿಟ್ಟು ದಿನಕ್ಕೆ ಇಷ್ಟು ಅಂತ ಚಂದಾ ಪಡೆಯುವ ಪದ್ಧತಿ. 2022ರಲ್ಲಿ ಚಾಲಕರ ಸಂಘದ ಜೊತೆ ಶುರುವಾದ 'ನಮ್ಮ ಯಾತ್ರಿ' ಆ್ಯಪ್ ಈ ದಾರಿ ಹಿಡಿದು ತೋರಿಸಿತು. ಆಮೇಲೆ ದೊಡ್ಡ ಕಂಪನಿಗಳೂ ಅದೇ ದಾರಿಗೆ ಬಂದವು. ಚಾಲಕರಿಗೆ ಇದು ಒಳ್ಳೆಯದೇ, ದುಡಿದದ್ದು ಅವರ ಕೈಯಲ್ಲೇ ಉಳಿಯುತ್ತದೆ. ಆದರೆ ಇದರ ಜೊತೆಗೆ ಇನ್ನೊಂದು ಮಾತೂ ಬಂತು. 'ನಾವು ಬರೀ ಪರಿಚಯ ಮಾಡಿಸೋರು, ಪರದೆಯ ಮೇಲಿನ ದರ ಬರೀ ಸಲಹೆ, ಉಳಿದದ್ದು ನಿಮ್ಮ ಮತ್ತು ಚಾಲಕರ ನಡುವೆ.' ದಲ್ಲಾಳಿ ಮದುವೆ ಮಾಡಿಸಿ ಊಟದ ಹೊತ್ತಿಗೆ ನಾಪತ್ತೆಯಾದ ಹಾಗೆ. ಶೇ. 5ರ ಆದೇಶ ಇಂಥ ಚಂದಾ ಆ್ಯಪ್‌ಗೂ ಅನ್ವಯಿಸುತ್ತದೋ ಇಲ್ಲವೋ? ದಯವಿಟ್ಟು ಬರವಣಿಗೆಯಲ್ಲಿ ಹೇಳಿ.

ಕ್ಯಾಬಿನ ಕಥೆ ಬೇರೆ ಏನಲ್ಲ. 2024ರ ಫೆಬ್ರವರಿಯಲ್ಲಿ ನೀವು ರಾಜ್ಯಕ್ಕೆಲ್ಲ ಒಂದೇ ದರ ಮಾಡಿದಿರಿ. 10 ಲಕ್ಷದೊಳಗಿನ ಕಾರಿಗೆ ಮೊದಲ 4 ಕಿ.ಮೀ.ಗೆ 100 ರೂಪಾಯಿ, ಆಮೇಲೆ ಕಿ.ಮೀ.ಗೆ 24. ಬೇಡಿಕೆ ನೋಡಿ ದರ ಏರಿಸೋದು ನಿಲ್ಲುತ್ತದೆ ಅಂತ ಪತ್ರಿಕೆಗಳಲ್ಲಿ ಓದಿ ಖುಷಿಪಟ್ಟಿದ್ದೆ. 2025ರ ಜುಲೈನಲ್ಲಿ ಕೇಂದ್ರ ಸರ್ಕಾರದ ಮಾರ್ಗಸೂಚಿ ಬಂತು. ಜನ ಜಾಸ್ತಿ ಇರುವ ಹೊತ್ತಿನಲ್ಲಿ ಮೂಲ ದರದ ಎರಡು ಪಟ್ಟಿನವರೆಗೆ ಏರಿಸಬಹುದು, ಕಾರಣವಿಲ್ಲದೆ ಕ್ಯಾನ್ಸಲ್ ಮಾಡಿದರೆ ದರದ ಶೇ. 10, ಹೆಚ್ಚೆಂದರೆ 100 ರೂಪಾಯಿ ದಂಡ ಅಂತ ಅದರಲ್ಲಿದೆ. ರಾಜ್ಯದ್ದು ಒಂದು, ಕೇಂದ್ರದ್ದು ಒಂದು. ನನ್ನ ಫೋನಿನಲ್ಲಿ 'ಬೇಡಿಕೆ ಜಾಸ್ತಿ ಇದೆ' ಅಂತ ಬಂದಾಗ ನಾನು ಯಾವುದನ್ನು ಹಿಡಿದು ಕೇಳಲಿ?

ಮಳೆ ಬಂದಾಗ ದರ ಏರಿದರೇ ಅಲ್ವಾ ಚಾಲಕರು ಹೊರಗೆ ಬರೋದು ಅಂತ ಕಂಪನಿಯವರು ವಾದಿಸುತ್ತಾರೆ. ಇದರಲ್ಲಿ ಸ್ವಲ್ಪ ಸತ್ಯ ಇದೆ. ಆ ಹಿರಿಯ ಚಾಲಕರೂ ಹೇಳಿದರು, ಒಬ್ಬರನ್ನು ಹತ್ತಿಸಿಕೊಳ್ಳೋಕೆ ಎರಡು ಕಿ.ಮೀ. ಖಾಲಿ ಬರಬೇಕು, ಆ ಗ್ಯಾಸಿನ ದುಡ್ಡು ಯಾರು ಕೊಡ್ತಾರೆ ಅಂತ. ನ್ಯಾಯವಾದ ಪ್ರಶ್ನೆಯೇ. 36 ಸಾಲದಿದ್ದರೆ 40 ಮಾಡಿ. ದೂರದಿಂದ ಬಂದರೆ ಇಷ್ಟು ಅಂತ ಸೇರಿಸಿ. ಮಳೆಗೆ ಬೇಕಾದರೆ ಒಂದು ಮಿತಿ ಇಡಿ. ಆದರೆ ಅದನ್ನು ನೀವು ಬರೆಯಿರಿ, ನಮಗೆ ತೋರಿಸಿ. ರಾತ್ರಿ 10ರಿಂದ ಬೆಳಗಿನ 5ರವರೆಗೆ ಒಂದೂವರೆ ಪಟ್ಟು ಅಂತ ಎಷ್ಟೋ ವರ್ಷದಿಂದ ಇದೆ. ಅದರ ಬಗ್ಗೆ ಯಾರಾದರೂ ತಕರಾರು ಮಾಡಿದ್ದನ್ನು ಕಂಡಿದ್ದೀರಾ?

ದೆಹಲಿಯಲ್ಲಿ ಕೂತವರಿಗೂ ಈ ವಿಷಯ ಮುಟ್ಟಿದೆ. 2025ರ ಮೇನಲ್ಲಿ ಈ ಮುಂಗಡ ಟಿಪ್ ಬಗ್ಗೆ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಒಂದು ಕಂಪನಿಗೆ ನೋಟಿಸ್ ಕೊಟ್ಟಿತು. ಅದೇ ವರ್ಷ ಆಗಸ್ಟ್‌ನಲ್ಲಿ, '5 ನಿಮಿಷದಲ್ಲಿ ಆಟೋ ಸಿಗದಿದ್ದರೆ 50 ರೂಪಾಯಿ' ಅಂತ ಜಾಹೀರಾತು ಕೊಟ್ಟ ಇನ್ನೊಂದು ಕಂಪನಿಗೆ 10 ಲಕ್ಷ ದಂಡ ಹಾಕಿತು. ಆ 50 ರೂಪಾಯಿ ದುಡ್ಡೇ ಆಗಿರಲಿಲ್ಲ. ಆ್ಯಪ್‌ನೊಳಗಿನ ಕಾಯಿನ್, ಅದೂ '50ರವರೆಗೆ', ಅದೂ ಬೈಕ್ ಸವಾರಿಗೆ ಮಾತ್ರ, ಅದೂ 7 ದಿನದೊಳಗೆ ಖರ್ಚಾಗಬೇಕು. ನನ್ನ ಅಮ್ಮ ಬೈಕ್ ಹತ್ತುವ ದೃಶ್ಯ ಊಹಿಸಿಕೊಳ್ಳಿ. ಕೇಂದ್ರದವರು ಇಷ್ಟಾದರೂ ಮಾಡಿದರು. ಆದರೆ ದರ ಗೊತ್ತು ಮಾಡೋದು, ಲೈಸೆನ್ಸ್ ಕೊಡೋದು ನಮ್ಮ ರಾಜ್ಯದ ಕೈಯಲ್ಲೇ ಇದೆ.

ಈಗ ನನ್ನ ಕೋರಿಕೆಗೆ ಬರುತ್ತೇನೆ. ಮೊದಲನೆಯದು ಮತ್ತು ದೊಡ್ಡದು ಒಂದೇ. ಆ್ಯಪ್‌ನಲ್ಲಿ ದರ ತೋರಿಸುವ ಜಾಗದಲ್ಲೇ, ಅಷ್ಟೇ ದೊಡ್ಡ ಅಕ್ಷರದಲ್ಲಿ, ಆ ದಾರಿಯ ಸರ್ಕಾರಿ ದರವನ್ನೂ ತೋರಿಸಬೇಕು. ಕನ್ನಡದಲ್ಲಿ. 'ಸರ್ಕಾರಿ ದರ 144, ಸೇವಾ ಶುಲ್ಕ ಇಷ್ಟು, ಜಿಎಸ್‌ಟಿ ಇಷ್ಟು, ನೀವು ಕೊಡಬೇಕಾದದ್ದು ಇಷ್ಟು.' ಆಟೋದ ಸೀಟಿನ ಹಿಂದೆ ದರಪಟ್ಟಿ ಇರಬೇಕು ಅನ್ನುವವರು ಫೋನಿನ ಪರದೆಯಲ್ಲೂ ಇರಲಿ ಅನ್ನೋದು ಕಷ್ಟವಾ? ದೂರ ಎಷ್ಟು ಅಂತ ಅವರಿಗೆ ಗೊತ್ತಿದೆ, ಗುಣಿಸೋದೊಂದೇ ಬಾಕಿ. ಇದಕ್ಕೆ ಒಪ್ಪದ ಕಂಪನಿಯ ಲೈಸೆನ್ಸ್ ನವೀಕರಿಸಬೇಡಿ.

ಹಾಗೆಯೇ, ಗಾಡಿ ಹತ್ತುವ ಮೊದಲು ಟಿಪ್ ಕೇಳೋದನ್ನು ಪೂರ್ತಿ ನಿಲ್ಲಿಸಿ. ಖುಷಿಯಾದರೆ ಇಳಿದ ಮೇಲೆ ನಾವೇ ಕೊಡುತ್ತೇವೆ. ಅಮ್ಮನನ್ನು ಕೈ ಹಿಡಿದು ಇಳಿಸಿದವರಿಗೆ ನಾನು ಚಿಲ್ಲರೆ ವಾಪಸ್ ಕೇಳಿದ್ದೇ ಇಲ್ಲ.

ಆ ಸೀಲಿನ ವಿಷಯ. ನಿಮ್ಮ ಇಲಾಖೆ ಮತ್ತು ತೂಕ-ಅಳತೆ ಇಲಾಖೆ ಸೇರಿ ಈ ಆ್ಯಪ್‌ಗಳ ದರದ ಲೆಕ್ಕವನ್ನು ಆರು ತಿಂಗಳಿಗೊಮ್ಮೆಯಾದರೂ ತೆಗೆದು ನೋಡಬೇಕು. ಸಾಮಾನ್ಯ ಪ್ರಯಾಣಿಕರ ಹಾಗೆ ಬುಕ್ ಮಾಡಿ ನೋಡಿದರೂ ಸಾಕು, ಸಿಕ್ಕ ಅಂಕಿಗಳನ್ನು ಕಂಪನಿಯ ಹೆಸರಿನ ಜೊತೆ ಪ್ರಕಟಿಸಿ. 2025ರಲ್ಲಿ ನೀವೇ ತಂದ ಗಿಗ್ ಕಾರ್ಮಿಕರ (ಆ್ಯಪ್‌ಗಳ ಮೂಲಕ ದುಡಿಯುವವರ) ಕಾಯ್ದೆಯಲ್ಲಿ, ಆ್ಯಪ್ ತಮ್ಮ ಬಗ್ಗೆ ಹೇಗೆ ತೀರ್ಮಾನ ಮಾಡುತ್ತದೆ ಅಂತ ತಿಳಿಯುವ ಹಕ್ಕು ಚಾಲಕರಿಗೆ ಇದೆ. ತುಂಬಾ ಒಳ್ಳೆಯ ಕೆಲಸ. ಅದೇ ಹಕ್ಕು ಹಿಂದಿನ ಸೀಟಿನಲ್ಲಿ ಕೂತವರಿಗೂ ಬರಲಿ. ಅದೇ ಕಾಯ್ದೆಯಲ್ಲಿ ಪ್ರತಿ ವಹಿವಾಟಿನಲ್ಲಿ ಕಾರ್ಮಿಕರಿಗೆ ಸಲ್ಲುವ ಹಣದ ಶೇ. 1ರಿಂದ 5ರವರೆಗೆ ಕಲ್ಯಾಣ ಶುಲ್ಕವನ್ನು ಕಂಪನಿಗಳಿಂದ ಪಡೆಯುವ ಅವಕಾಶ ಇದೆ. ಅದನ್ನು ನಮ್ಮ ಬಿಲ್ಲಿಗೆ ಸೇರಿಸುವುದಾದರೆ ಬೇರೆ ಸಾಲಿನಲ್ಲಿ ತೋರಿಸಲಿ. ಆ ಹಿರಿಯ ಚಾಲಕರ ವಿಮೆಗೆ ನನ್ನ ಎರಡು ರೂಪಾಯಿ ಹೋಗುತ್ತದೆ ಅಂತ ಗೊತ್ತಾದರೆ ಸಂತೋಷವಾಗಿ ಕೊಡುತ್ತೇನೆ.

ಕೊನೆಗೆ ದೂರು. ಜಾಸ್ತಿ ದುಡ್ಡು ತೆಗೆದುಕೊಂಡರೆ ಆ್ಯಪ್‌ನೊಳಗೇ ಒಂದು ಗುಂಡಿ ಇರಲಿ. ಒತ್ತಿದರೆ ಆ ಪ್ರಯಾಣದ ವಿವರ ಕಂಪನಿಗೂ, ಅದೇ ಕ್ಷಣ ನಿಮ್ಮ ಇಲಾಖೆಗೂ ಹೋಗಲಿ. ಈಗ ದೂರು ಕೊಟ್ಟರೆ ಆರ್‌ಟಿಒದವರು ಆಟೋ ನಂಬರ್ ಕೇಳುತ್ತಾರೆ. ದಂಡ ಬಿದ್ದರೆ ಅದೂ ಚಾಲಕರಿಗೇ. ದರ ತೋರಿಸಿದ್ದು ಆ್ಯಪ್, ಟಿಪ್ ಕೇಳಿದ್ದು ಆ್ಯಪ್, ದಂಡ ಕಟ್ಟೋದು ಬಿಸಿಲಲ್ಲಿ ಓಡಿಸೋನು. ಅದಕ್ಕೇ ನಾನು ಇದುವರೆಗೆ ಒಂದು ನಂಬರನ್ನೂ ಕೊಟ್ಟಿಲ್ಲ.

ನನ್ನ ಹಾಲಿನ ಲೆಕ್ಕದ ನೋಟ್‌ಬುಕ್ ಬೇಕಾದರೆ ಶಾಂತಿನಗರದ ನಿಮ್ಮ ಸಾರಿಗೆ ಆಯುಕ್ತರ ಕಚೇರಿಗೆ ತಂದು ಕೊಡುತ್ತೇನೆ. ಪ್ರತಿ ಸಾಲಿನಲ್ಲೂ ದಿನಾಂಕ, ಹೊತ್ತು, ತೋರಿಸಿದ ದರ, ಕೊಟ್ಟ ದರ ಇದೆ. ಸೋಮವಾರ, ಗುರುವಾರ ಬಿಟ್ಟು ಯಾವ ದಿನವಾದರೂ ಆಗಬಹುದು.

ಇಂತಿ ತಮ್ಮ ವಿಶ್ವಾಸಿ,
ಉತ್ತರಹಳ್ಳಿಯ ಒಬ್ಬ ಪ್ರಯಾಣಿಕಳು